ಫಕ್ರುನ್ನಿಸಾ ಹೆಸರಿನ ಗಾಡಿ

ಮೇ 12, ಸೋಮವಾರ

ಶಟರ್ ಎತ್ತಿ, ಡಿಸ್‌ಪ್ಲೇ ಗಾಡಿಯ ಧೂಳು ಒರೆಸಿ, ಊದುಬತ್ತಿ ಹಚ್ಚುವಷ್ಟರಲ್ಲಿ ಹತ್ತಾಯಿತು. ಹೊಸ ಮಾಡೆಲ್ ಕಾರಿನ ಬುಕಿಂಗ್ ಇವತ್ತು ಶುರು. ಗಾಡಿಯನ್ನು ಯಾರೂ ಕಣ್ಣಾರೆ ನೋಡಿಲ್ಲ, ನಾನೂ ಸೇರಿ. ಕಂಪನಿ ಕಳಿಸಿದ್ದು ಒಂದು ಬ್ಯಾನರು, ನಾಲ್ಕು ಫೋಟೋ. ಬದನೆಕಾಯಿಯನ್ನೂ ಹೊರಳಿಸಿ ನೋಡದೆ ಕೊಳ್ಳದ ಅಫಜಲಪುರದ ಜನಕ್ಕೆ ಫೋಟೋ ತೋರಿಸಿ ಗಾಡಿ ಮಾರಬೇಕು! ಬ್ರಾಂಚ್ ಇನ್‌ಚಾರ್ಜ್ ಆಗಿ ಮೂರನೇ ತಿಂಗಳು. ದೇವರೇ ಕಾಪಾಡು.

ಆದರೂ ಬಂದರು. ಸಂಜೆಯ ಹೊತ್ತಿಗೆ ಗೇರಿನ ಗಾಡಿಗೇ ಐದು ಬುಕಿಂಗ್. ಆಟೋಮ್ಯಾಟಿಕ್ ಅಂದರೆ ಮುಖ ಸಿಂಡರಿಸುತ್ತಾರೆ. "ಕ್ಲಚ್ ಇಲ್ಲಂದ್ರ ಎಡಗಾಲಿಗೆ ಏನು ಕೆಲಸರೀ ಮೇಡಂ?" ಎಂದು ಕೇಳಿದ ಒಬ್ಬ. ವಿಶ್ರಾಂತಿ ಅಂದೆ.

ಆಟೋಮ್ಯಾಟಿಕ್‌ಗೆ ಇಬ್ಬರೇ. ಒಂದು, ಗುತ್ತಿಗೆದಾರ ವಿಶ್ವಾರಾಧ್ಯ ಸಾಹುಕಾರರು. ಅತಿ ತುಟ್ಟಿಯ ಗಾಡಿ ಅದೇ, ಅದಕ್ಕೆ ಅವರಿಗೆ ಅದೇ ಬೇಕು. ಇನ್ನೊಂದು, ಬೀಜದ ಅಂಗಡಿಯ ಶಾಂತಲಿಂಗಪ್ಪನವರು, ಮಗಳು ಸಪ್ನಾಳಿಗಾಗಿ. ಅವರು ಮನೆಯಿಂದಲೇ ಫೋನಿನಲ್ಲಿ ಮಾಡಿಬಿಟ್ಟರಂತೆ. ಬುಕಿಂಗ್ ನಂಬರ್ ವಾಟ್ಸಾಪಿನಲ್ಲಿ ಕಳಿಸಿದರು. ಸರದಿಯಲ್ಲಿ ಮೊದಲು! "ಹತ್ತು ಬಡಿಯೋದಕ್ಕ ಒತ್ತಿಸೇನ್ರಿ," ಅಂದರು. ಯಾರಿಂದ ಒತ್ತಿಸಿದರು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಮೇ 20, ಮಂಗಳವಾರ

ಸಪ್ನಾ ಬಂದಿದ್ದಳು. ಹುಟ್ಟಿನಿಂದ ಎಡಗಾಲಿಗೆ ಬಲವಿಲ್ಲ, ಕೋಲು ಹಿಡಿದು ನಡೆಯುತ್ತಾಳೆ. ನಾಲಿಗೆಗೆ ಮಾತ್ರ ಯಾವ ಕೋಲೂ ಬೇಕಿಲ್ಲ. ಗೊಬ್ಬೂರಿನ ಹೈಸ್ಕೂಲಿಗೆ ಗಣಿತದ ಟೀಚರ್ ಆಗಿ ಆರ್ಡರ್ ಬಂದಿದೆ. ಜೂನ್ ಹದಿನಾರಕ್ಕೆ ಹಾಜರಾಗಬೇಕು. ಕಲಬುರಗಿಯಲ್ಲಿ ಆಟೋಮ್ಯಾಟಿಕ್ ಓಡಿಸಲು ಕಲಿತು ಲೈಸೆನ್ಸನ್ನೂ ತಂದಿದ್ದಾಳೆ.

ಬಸ್ಸಿನ ಮೆಟ್ಟಿಲು ಆಕೆಗೆ ಎತ್ತರ. ಸಣ್ಣ ಆಟೋಮ್ಯಾಟಿಕ್ ಗಾಡಿಗಳು ಬೇರೆ ಇವೆ, ಆದರೆ ನಮ್ಮ ರಸ್ತೆಯ ಗುಂಡಿಗೆ ಹೊಟ್ಟೆ ಬಡಿಯುತ್ತವೆ. ಎತ್ತರವೂ ಇದ್ದು, ಇವರ ಕೈಗೆ ಎಟಕುವ ಆಟೋಮ್ಯಾಟಿಕ್ ಇದೊಂದೇ.

"ಅಪ್ಪ ಜೀಪಿನ್ಯಾಗ ಬಿಡ್ತಾರಲ್ಲವಾ," ಅಂದೆ ಸುಮ್ಮನೆ.

"ಬಿಡ್ತಾರ್ರಿ. ಬಿಟ್ಟು ಹೋಗಲ್ಲ. ಇಲ್ಲಿ ಕಾಲೇಜಿನ್ಯಾಗ ಒಂದು ವರ್ಷ ಪಾಠ ಮಾಡಿದೆ. ದಿನಾ ಗೇಟಿನ ಮುಂದ ಜೀಪಿನ್ಯಾಗ ಕುಂತಿರ್ತಿದ್ದರು, ಅಂಗಡಿ ಮುಚ್ಚಿ. ಹುಡುಗರು ನಗ್ತಿದ್ದರು. ಕೆಲಸ ಬಿಟ್ಟೆ. ಈ ಸರ್ತಿ ಗಾಡಿ ಬರ್ಲಿಲ್ಲಂದ್ರ ಆರ್ಡರ್ ವಾಪಸ್ ಕೊಡ್ತೇನಿ, ಅಪ್ಪನ್ನ ಗೊಬ್ಬೂರದಾಗ ಬಿಸಲಾಗ ಕುಂದ್ರಸಲ್ಲ."

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಮೊದಲ ಲಾಟಿನಲ್ಲೇ ಗಾಡಿ ಕೊಡಿಸುತ್ತೇನೆ ಅಂದುಬಿಟ್ಟೆ. ಯಾರ ಗಂಟು ಅಂತ ಮಾತು ಕೊಟ್ಟೆನೋ!

ಜೂನ್ 3, ಮಂಗಳವಾರ, ಬೆಳಿಗ್ಗೆ

ಕಂಪನಿಯ ಪಟ್ಟಿ ಬಂತು! ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಬ್ರಾಂಚಿಗೆ ಸೇರಿ ಒಂದೇ ಒಂದು ಆಟೋಮ್ಯಾಟಿಕ್. ಅದು ನಮಗೆ! ಗೇರಿನವು ನಮ್ಮ ಪಾಲಿಗೆ ಐದು, ನಮ್ಮ ಐದೂ ಬುಕಿಂಗಿಗೆ ಸರಿಹೋದವು. ಆಳಂದದವರು ಹೊಟ್ಟೆ ಉರಿದುಕೊಳ್ಳಲಿ. (ನನ್ನ ತವರು ಆಳಂದವೇ. ಆದರೂ.) ಮುಂದಿನ ಆಟೋಮ್ಯಾಟಿಕ್ ದೀಪಾವಳಿಗಂತೆ.

ಅದೇ ದಿನ, ಮಧ್ಯಾಹ್ನ

ಖುಷಿ ಊಟದ ತನಕವೂ ಉಳಿಯಲಿಲ್ಲ.

ಗಾಡಿ ಅಲಾಟ್ ಆಗುವವರೆಗೆ ನಮಗೆ ಬುಕಿಂಗ್ ನಂಬರ್ ಮಾತ್ರ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಬ್ರಾಂಚಿನವರು ಬೇಕಾದವರನ್ನು ಮುಂದೆ ತಳ್ಳಬಾರದೆಂದು ಕಂಪನಿಯ ಉಪಾಯ. ಇವತ್ತು ಹೆಸರು ತೆರೆಯಿತು. ಸಪ್ನಾ ಅಲ್ಲ. ಶಾಂತಲಿಂಗಪ್ಪ ಅಲ್ಲ. ಫಕ್ರುನ್ನಿಸಾ.

ಫೋನ್ ಹಚ್ಚಿದೆ. ಶಾಂತಲಿಂಗಪ್ಪನವರಿಗೆ ಸ್ವಲ್ಪವೂ ಗಾಬರಿಯಿಲ್ಲ. "ಹೌದ್ರಿ, ನಮ್ಮ ಬಾಜೂ ಮನಿ ಫಕ್ರುನ್ನಿಸಾ ಆಪಾ. ಅವರ ಕೈಗುಣ ಭಾರಿ ಚಲೋ. ಓಣ್ಯಾಗ ಯಾರು ಏನು ಶುರು ಮಾಡಿದ್ರೂ ಅವರ ಕೈಲೇ. ನನ್ನ ಅಂಗಡಿ ಬೋಣಿ ಅವರದೇ. ಅದಕ್ಕ ಅವರ ಫೋನಿನ್ಯಾಗ, ಅವರ ಕೈಲೇ ಒತ್ತಿಸೇನಿ."

ಅವರ ಫೋನು, ಅವರ ಒಟಿಪಿ, ಆದ್ದರಿಂದ ಅವರದೇ ಹೆಸರು. ಮೂರು ವಾರ ಯಾರೂ ಅದನ್ನು ಓದಿಲ್ಲ!

ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು... ಇವರನ್ನು ಬಿಟ್ಟು ಬೇರೆಯವರಿಗೆ ಬುಕಿಂಗ್ ಬದಲಿಸಲು ಬರುವುದಿಲ್ಲ. ರದ್ದು ಮಾಡಿ ಸಪ್ನಾಳ ಹೆಸರಲ್ಲಿ ಹೊಸದಾಗಿ ಮಾಡಿದರೆ ಆಕೆ ಸರದಿಯ ಕೊನೆಗೆ. ಗಾಡಿ ಎರಡನೆಯವರಾದ ಸಾಹುಕಾರರಿಗೆ ಹೋಗುತ್ತದೆ. ಫಕ್ರುನ್ನಿಸಾ ಹೆಸರಲ್ಲೇ ಕೊಂಡು ಆಮೇಲೆ ಬದಲಿಸೋಣವೆಂದರೆ, ಅಂಗವಿಕಲರ ತೆರಿಗೆ ರಿಯಾಯಿತಿ ಸಿಗಲು ಗಾಡಿ ಮೊದಲಿಂದಲೂ ಸಪ್ನಾಳ ಹೆಸರಲ್ಲೇ ಇರಬೇಕು. ಅದಿಲ್ಲದೆ ಅವರಿಂದ ಆಗುವುದಿಲ್ಲ.

ಗುರುವಾರ ಸಂಜೆಯೊಳಗೆ ಇತ್ಯರ್ಥ ಆಗದಿದ್ದರೆ ಗಾಡಿ ಆಳಂದಕ್ಕೆ. ತಲೆ ಚಿಟ್ಟು ಹಿಡಿಯಿತು.

ಜೂನ್ 4, ಬುಧವಾರ

ಕಲಬುರಗಿ ಹೆಡ್ ಆಫೀಸಿನ ಕಲ್ಲಿನಾಥ ಸರ್‌ಗೆ ಫೋನು. ಕಾಲು ಹಿಡಿಯುವುದೊಂದು ಬಾಕಿ, ಅದು ಫೋನಿನಲ್ಲಿ ಆಗುವುದಿಲ್ಲ.

"ಸಿಸ್ಟಂ ಯಾರ ಮಾತೂ ಕೇಳಲ್ಲವಾ ಪಂಚಶೀಲಾ," ಅಂದರು. "ರದ್ದು ಮಾಡು, ಎರಡನೇದವರಿಗೆ ಕೊಡು. ಸಾಹುಕಾರ್ರಿಗೆ ನಾನೇ ಹೇಳೇನಿ, ಗಾಡಿ ನಿಮ್ಮದೇ ಅಂತ."

ಹೇಳಿಯೇಬಿಟ್ಟಿದ್ದಾರೆ! ಸಿಟ್ಟಿಗೆ ಫೋನನ್ನು ಮೇಜಿನ ಮೇಲೆ ಕುಕ್ಕಿದೆ. ಅದು ನನ್ನದೇ ಫೋನು.

ಮಧ್ಯಾಹ್ನ ಫಕ್ರುನ್ನಿಸಾ ತಾವೇ ಬಂದರು. ಬುರ್ಖಾ, ಕೈಯಲ್ಲಿ ಬಕ್ರೀದ್ ಸಂತೆಯ ಚೀಲ. ಎದುರಿಗೆ ಕೂತು ಅಂಗೈಗಳನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟರು. "ಈ ಕೈ ಹಚ್ಚಿದ್ದಕ್ಕೇ ಹುಡುಗಿ ಗಾಡಿ ಹೋಯ್ತೇನ್ರಿ? ರಾತ್ರಿ ಉಂಡಿಲ್ಲ ನಾ," ಅಂದರು. ನೀರಿನ ಲೋಟ ಅವರ ಮುಂದೆ ಸರಿಸಿದೆ. ಇನ್ನೂ ಹೋಗಿಲ್ಲ ಖಾಲಾ, ನಾಳೆ ಸಂಜೆಯವರೆಗೆ ಹೊತ್ತಿದೆ ಅಂದೆ. ಧೈರ್ಯ ಅವರಿಗೆ ಹೇಳಿದ್ದೋ ನನಗೆ ಹೇಳಿಕೊಂಡಿದ್ದೋ.

ಅವರು ಹೋದ ಮೇಲೆ ಹೊಳೆಯಿತು. ನಮ್ಮ ಬ್ರಾಂಚಿನ ಆಟೋಮ್ಯಾಟಿಕ್ ಸರದಿಯಲ್ಲಿ ಇರುವುದೇ ಇಬ್ಬರು. ಸಾಹುಕಾರರು ತಾವಾಗಿ ಗೇರಿನ ಗಾಡಿಗೆ ಬದಲಿಸಿಕೊಂಡರೆ ಸರದಿ ಖಾಲಿ. ಆಗ ಸಪ್ನಾ ಹೊಸದಾಗಿ ಮಾಡಿದರೂ ಮೊದಲನೆಯವಳೇ! ಆದರೆ ಗೇರಿನದು ಎಲ್ಲಿದೆ?

ಜೇವರ್ಗಿ ಬ್ರಾಂಚಿನ ಅರ್ಫಾತನಿಗೆ ಕೇಳಿದೆ. "ಒಂದು ಬಿಳಿದು ಅದ ನೋಡವಾ, ನಮ್ಮಲ್ಲೇ ನಿಂತದ. ಬುಕ್ ಮಾಡಿದಾತ ಬ್ಯಾಡಂದ. ಹಿಂದ ಯಾರೂ ಇಲ್ಲ. ನಾಳೆ ಸಂಜಿತನಾ ಹಿಡೀತೇನಿ. ನನಗ ಏನು ಕೊಡ್ತಿ?"

ಆಳಂದದ ಅವ್ವನ ಕೈಯ ಕರದಂಟು ಅಂದೆ. ಒಪ್ಪಿಕೊಂಡ.

ಜೂನ್ 5, ಗುರುವಾರ

ಉಸ್ಸಪ್ಪಾ! ಮೊದಲಿಂದ ಬರೆಯುತ್ತೇನೆ.

ಬೆಳಿಗ್ಗೆ ಸಾಹುಕಾರರ ಮನೆಗೆ ಹೋದೆ. ನಾನೊಬ್ಬಳೇ ಅಂದುಕೊಂಡಿದ್ದೆ. ಗೇಟಿನಲ್ಲಿ ಫಕ್ರುನ್ನಿಸಾ ನಿಂತಿದ್ದರು. "ಗಲತಿ ನನ್ನ ಕೈಲೇ ಆಗ್ಯದ, ಮಾತೂ ನಾನೇ ಆಡ್ತೇನಿ," ಅಂದರು.

ವಿಶ್ವಾರಾಧ್ಯ ಸಾಹುಕಾರರು ಪಡಸಾಲೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಕೈಯಲ್ಲೇ ಕೂರಿಸಿದರು, ಫಕ್ರುನ್ನಿಸಾ ಅವರನ್ನು ನೋಡಿ ಎದ್ದು ನಿಂತರು. ಈ ಮನೆಯ ಪಾಯಕ್ಕೆ ಮೊದಲ ಕಲ್ಲು ಇಡಿಸಿದ್ದು ಇವರ ಕೈಯಿಂದಲೇ ಅಂತೆ. ಊರಲ್ಲಿ ಇನ್ನೆಷ್ಟು ಶುರುಗಳು ಈ ಕೈಯಿಂದ ಆಗಿವೆಯೋ.

ನಾನು ವಿಷಯ ಹೇಳಿದೆ, ಜೇವರ್ಗಿಯ ಬಿಳಿ ಗಾಡಿ, ಬದಲಾವಣೆ, ಎಲ್ಲ. ಸಾಹುಕಾರರು ತಲೆಯಾಡಿಸಲಿಲ್ಲ. "ತಾಲೂಕಿಗೆ ಮೊದಲ್ನೇ ಗಾಡಿ ನಂದು ಅಂತ ಬೀಗರಿಗೆಲ್ಲ ಹೇಳೇನಿ. ಈಗ ಬ್ಯಾಡಂದ್ರ ಮಾರಿ ಹ್ಯಾಂಗ ತೋರಿಸ್ಲಿ?"

ಫಕ್ರುನ್ನಿಸಾ ಧ್ವನಿ ಏರಿಸಲಿಲ್ಲ. "ಸಾಹುಕಾರ್ರ, ಆ ಗಾಡಿ ಸಪ್ನಾನ ಸಲುವಾಗಿ ದುವಾ ಮಾಡಿ ಬುಕ್ ಮಾಡೇನಿ. ಕಾನೂನು ನಿಮ್ಮ ಕಡೆ ಅದ, ತಗೋರಿ. ನಾ ಕೆಟ್ಟದ್ದು ಅನ್ನಲ್ಲ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಖರೇ, ದುವಾ ಹುಡುಗಿಗೆ ಮಾಡೇನಿ. ಅದನ್ನ ನಿಮ್ಮ ಹೆಸರಿಗೆ ಬದಲಿ ಮಾಡಾಕ ನನಗ ಬರಲ್ಲ."

ಸಾಹುಕಾರರು ಮೀಸೆ ತಿರುವಿದರು. ಹೊರಗೆ ಅವರ ಡ್ರೈವರ್ ಜಮೀರ ಹಳೆಯ ಗಾಡಿ ತೊಳೆಯುತ್ತಿದ್ದ, ಪೈಪಿನ ನೀರು ಸುಮ್ಮನೆ ಹರಿದುಹೋಗುತ್ತಿತ್ತು.

"ಜೇವರ್ಗಿದು ಯಾವಾಗ ಮನಿಗೆ ಬರ್ತದ?"

"ಬುಧವಾರ ರಿ. ಬಾಕಿ ಐದೂ ಇನ್ನೂ ಕಲಬುರಗಿ ಯಾರ್ಡಿನ್ಯಾಗ ಅದಾವ. ತಾಲೂಕಿನ್ಯಾಗ ಮೊದಲ್ನೇದು ನಿಮ್ಮದೇ ಆಗ್ತದ," ಅಂದೆ.

ಮುಖ ಸ್ವಲ್ಪ ಅರಳಿತು. ನನ್ನ ಕಡೆ ನೋಡಲಿಲ್ಲ, ಫಕ್ರುನ್ನಿಸಾ ಕಡೆ ನೋಡಿದರು. ಸಣ್ಣ ಮಗುವಿನ ಧ್ವನಿ. "ಆಪಾ, ಅದಕ್ಕ ಕೀಲಿ ನೀವೇ ತಿರುವತೀರೇನು?"

"ಹಬ್ಬ ಮುಗೀಲಿ, ಬರ್ತೇನಿ."

ಅಷ್ಟೇ! ನಾನು ತಯಾರಿ ಮಾಡಿಕೊಂಡು ಹೋಗಿದ್ದ ಭಾಷಣ ಚೀಲದಲ್ಲೇ ಉಳಿಯಿತು. ಜಮೀರ ಒಳಗೆ ಬಂದು ಸಾಹುಕಾರರ ಫೋನಿಗೆ ಬಂದ ಒಟಿಪಿ ಓದಿ ಹೇಳಿದ, ಬದಲಾವಣೆ ಆಯಿತು.

ಶೋರೂಮಿಗೆ ಬರುವಷ್ಟರಲ್ಲಿ ಸಪ್ನಾ, ಶಾಂತಲಿಂಗಪ್ಪನವರು ಕಾಯುತ್ತಿದ್ದರು. ಫಕ್ರುನ್ನಿಸಾ ಬುಕಿಂಗ್ ರದ್ದಾಯಿತು. ಸರದಿ ಖಾಲಿ. ಈಗ ಸಪ್ನಾ ತನ್ನ ಫೋನಿನಲ್ಲಿ, ತನ್ನ ಹೆಸರಲ್ಲಿ ಮಾಡಬೇಕು. ನೆಟ್‌ವರ್ಕ್ ತಿರುಗುತ್ತಿದೆ, ತಿರುಗುತ್ತಿದೆ... ಶಾಂತಲಿಂಗಪ್ಪನವರು ಬಸವಾ ಬಸವಾ ಅನ್ನುತ್ತಿದ್ದಾರೆ, ಫಕ್ರುನ್ನಿಸಾರ ತುಟಿ ಅಲುಗುತ್ತಿದೆ. ನಾನು ಯಾರನ್ನು ಕರೆದೆನೋ ನೆನಪಿಲ್ಲ, ಬಾಬಾಸಾಹೇಬರನ್ನೇ ಇರಬೇಕು.

ಅಲಾಟ್ ಆಯಿತು. ಸಪ್ನಾ ಎಂಬ ಹೆಸರು ಸ್ಕ್ರೀನಿನ ಮೇಲೆ ಬಂತು. ಒಳಗೆ ಹೋಗಿ ನೀರು ಕುಡಿದೆ, ಸ್ವಲ್ಪ ಅತ್ತೆ, ಮತ್ತೆ ನೀರು ಕುಡಿದೆ. ಎದೆಯ ಮೇಲಿಂದ ಮೂಟೆ ಇಳಿಸಿದಂತೆ ಹಗುರ. ಕಲ್ಲಿನಾಥ ಸರ್‌ಗೆ ಮೆಸೇಜ್ ಹಾಕಿದೆ: ಇತ್ಯರ್ಥ ಆಯಿತು ಸರ್, ಎರಡು ಗಾಡಿ ಮಾರಿದೆ. ಅವರು ಹೆಬ್ಬೆಟ್ಟಿನ ಚಿತ್ರ ಕಳಿಸಿದರು. ಅದೇ ದೊಡ್ಡದು.

ಜೂನ್ 13, ಶುಕ್ರವಾರ

ಡೆಲಿವರಿ. ಗಾಡಿಗೆ ಹೂವಿನ ಮಾಲೆ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು. ಸಾಹುಕಾರರು ತಮ್ಮ ಬಿಳಿ ಗಾಡಿಯಲ್ಲಿ ಬಂದು ಪೇಢೆ ತಿಂದು ಹೋದರು. ಮೊನ್ನೆಯೇ ಊರು ತುಂಬ ಮೂರು ಸುತ್ತು ಹೊಡೆದಿದ್ದಾರೆ.

ಶಾಂತಲಿಂಗಪ್ಪನವರು ಡ್ರೈವರ್ ಕಡೆಯ ಬಾಗಿಲು ತೆರೆದು, "ಬರ್ರಿ ಆಪಾ, ಮೊದಲ ನೀವು ಚಾಲೂ ಮಾಡ್ರಿ," ಅಂದರು.

ಫಕ್ರುನ್ನಿಸಾ ಕದಲಲಿಲ್ಲ. ಕೈ ಎರಡನ್ನೂ ಬುರ್ಖಾದೊಳಗೆ ಎಳೆದುಕೊಂಡರು. "ಬ್ಯಾಡ ಭಾಯಿ. ಸಾಕು. ಗಾಡಿ ಅಕಿದು, ಅಕಿ ಕೈಲೇ ಚಾಲೂ ಆಗ್ಲಿ. ಬಾ ಬೇಟಿ."

ಸಪ್ನಾ ಕೋಲನ್ನು ಅಪ್ಪನ ಕೈಗೆ ಕೊಟ್ಟು ಹತ್ತಿ ಕೂತಳು. ಬಲಗಾಲು ಬ್ರೇಕಿನ ಮೇಲೆ. ಬಟನ್ ಒತ್ತಿದಳು. ನಿಂಬೆಹಣ್ಣು ಚಪ್ಪಟೆಯಾದವು. ಗಾಡಿ ಹೊರಟುಹೋಯಿತು, ಕೋಲು ಇಲ್ಲೇ ಉಳಿಯಿತು, ಅದನ್ನು ಹಿಡಿದುಕೊಂಡು ಅಪ್ಪ ಹಿಂದೆ ಓಡಿದರು. ನಾವೆಲ್ಲ ನಕ್ಕೆವು. ಎಷ್ಟು ದಿನವಾಗಿತ್ತು ಇಷ್ಟು ನಕ್ಕು.

ಜೂನ್ 16, ಸೋಮವಾರ

ಇವತ್ತು ಎಂಟಕ್ಕೇ ಬಂದು ಶಟರ್ ಎತ್ತುವಾಗ ಸಪ್ನಾಳ ಗಾಡಿ ಗೊಬ್ಬೂರಿನ ಕಡೆ ಹೋಯಿತು. ಹಾರ್ನ್ ಹೊಡೆದಳು. ಒಬ್ಬಳೇ! ಸ್ವಲ್ಪ ಹಿಂದೆ, ಹಾಲಿನ ಟೆಂಪೋದ ಮರೆಯಲ್ಲಿ ಶಾಂತಲಿಂಗಪ್ಪನವರ ಜೀಪು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದರು.

ತುಸು ಹೊತ್ತಿಗೆ ಸಪ್ನಾಳ ಫೋನು. "ಮೇಡಂ, ಚೌಡಾಪುರದಾಗ ನಿಂತೇನಿ. ಕನ್ನಡ್ಯಾಗ ಜೀಪ್ ನೋಡೇನಿ, ನಾನೇನು ಕುರುಡಿ ಏನ್ರಿ? ಅಪ್ಪ ನನ್ನ ಫೋನ್ ಎತ್ತಾಕತ್ತಿಲ್ಲ. ನೀವೇ ಹೇಳ್ರಿ, ಎರಡು ಚಹಾ ಹೇಳೇನಿ. ಬಂದು ಕುಡದು ಹಿಂದಕ್ಕ ಹೋಗ್ಲಿ. ಇಲ್ಲಿಂದ ಮುಂದ ನಾ ಒಬ್ಬಾಕೇ."

ಶಾಂತಲಿಂಗಪ್ಪನವರಿಗೆ ಫೋನ್ ಹಚ್ಚಿ ಹೇಳಿದೆ. "ಸಿಟ್ಟಿಗೆದ್ದಾಳೇನ್ರಿ?" ಅಂದರು.

ಇಲ್ಲರೀ, ಚಹಾ ಆರುತ್ತದೆ, ಹೋಗಿ ಅಂದೆ.

ಈಗ ಜೀಪು ವಾಪಸು ಬಂತು. ಶೋರೂಮಿನ ಮುಂದೆಯೇ ನಿಲ್ಲಿಸಿದರು. ಒಬ್ಬರೇ ಇಳಿಯುತ್ತಿದ್ದಾರೆ. ಇಷ್ಟು ವರ್ಷಗಳಲ್ಲಿ ಮಗಳನ್ನು ಬಿಟ್ಟು ಬಂದದ್ದು ಇದೇ ಮೊದಲಿರಬೇಕು, ಕೈ ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ನಗುತ್ತಲೂ ಇದ್ದಾರೆ. ಮೊದಲು ಕುರ್ಚಿ ಹಾಕುತ್ತೇನೆ, ಬರೆಯುವುದು ಆಮೇಲೆ.