ಮೂರನೆಯ ಸುತ್ತಿಗೆ ಬಿಗಿಯಾದ ಬೋಲ್ಟು

ಗುರುವಾರ, ತಾರೀಖು ಹದಿನಾಲ್ಕು
ವರ್ಕ್‌ಶಾಪಿನಿಂದ

ನನ್ನ ಮುದ್ದು ಮಿಡತೆಗೆ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಬರೆದಿರುವುದು ನಾಲ್ಕೇ ಸಾಲು. ಬಸ್ ಡಿಪೋದಲ್ಲಿ ಕೆಲಸ ಕಾಯಂ ಆಗಬೇಕಾದರೆ ಹಿಂದೆ ದುಡಿದ ಕಡೆಯಿಂದ ಒಂದು ಪತ್ರ ಬೇಕು, ಸೋಮವಾರದೊಳಗೆ ತಲುಪಬೇಕು, ತಪ್ಪಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ, ಇಷ್ಟೆ. ಹೇಗಿದ್ದೀಯ ಅಮ್ಮ ಅಂತ ಒಂದು ಮಾತಿಲ್ಲ. ಚೆನ್ನಾಗಿದ್ದೇನೆ, ಕೇಳದಿದ್ದರೂ ಹೇಳುತ್ತೇನೆ. ಆ ಪತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಲ್ಲಿನ ಡಾಕ್ಟರ ಕಾರಿನ ಕಥೆ ಕೇಳು.

ನೀನು ಮುಖ ಊದಿಸಿಕೊಂಡು ಹೋದಮೇಲೆ ಆ ಹಳೇ ಕಾರು ಮೂರು ತಿಂಗಳು ಮೂಲೆಯಲ್ಲೇ ನಿಂತಿತ್ತು. ನನಗಿಂತ ಹತ್ತು ವರ್ಷ ದೊಡ್ಡದು ಅದು, ಆದರೂ ಬಣ್ಣ ನನಗಿಂತ ಚೆನ್ನಾಗಿದೆ. ಅವತ್ತು ನಡೆದದ್ದು ನಿನಗೂ ಮರೆತಿರಲಿಕ್ಕಿಲ್ಲ. ಹಿಂದಿನ ಚಕ್ರದ ಬ್ರೇಕ್ ಸಿಲಿಂಡರ್ ಕೂರಿಸುತ್ತಿದ್ದೆ ನೀನು. ಬಿಗಿಯುತ್ತಾ ಬಿಗಿಯುತ್ತಾ ಬೋಲ್ಟು ಇದ್ದಕ್ಕಿದ್ದಂತೆ ಸುಮ್ಮನೆ ಗರಗರ ತಿರುಗತೊಡಗಿತು. ತೂತಿನೊಳಗಿನ ಥ್ರೆಡ್ಡಿನ ಹಲ್ಲೆಲ್ಲ ಪುಡಿಯಾಗಿ ಉದುರಿತು. ಸ್ವಲ್ಪ ಹೊತ್ತಿಗೆ ಗೇರ್‌ಬಾಕ್ಸಿನ ಮುಚ್ಚಳದಲ್ಲಿಯೂ ಎರಡು ತೂತುಗಳಿಗೆ ಅದೇ ಗತಿ. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಅವರ ಮುಂದೆಯೇ ನಾನು, ಬರೀ ಕೈಬಲ ಇದ್ರೆ ಸಾಲದು ಕಣೇ, ತಲೇನೂ ಇರಬೇಕು ಅಂದೆ. ನೀನು ಸ್ಪ್ಯಾನರನ್ನು ಅದರ ಮೊಳೆಗೆ ನೇತುಹಾಕಿದೆ, ಕೈ ತೊಳೆದೆ, ಹೊರಟೆ. ತಿರುಗಿ ಬೈದಿದ್ದರೆ ನಾನೂ ಎರಡು ಬೈದು ಸುಮ್ಮನಾಗುತ್ತಿದ್ದೆ.

ಹೋದ ವಾರ ಡಾಕ್ಟರು ಬಂದು ಕೂತುಬಿಟ್ಟರು. ಮುಂದಿನ ತಿಂಗಳು ಹೆಂಡತಿಯನ್ನು ಕೂರಿಸಿಕೊಂಡು ಸಮುದ್ರ ತೋರಿಸಲು ಹೋಗಬೇಕಂತೆ, ಅದೂ ಈ ಕಾರಿನಲ್ಲೇ. ಸರಿ, ಗೇರ್‌ಬಾಕ್ಸಿನಿಂದ ಶುರುಮಾಡಿದೆ. ಮುಚ್ಚಳ ತೆಗೆಯಲು ಮೂಲೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ಬರಲೊಲ್ಲದು. ಕೀರಲು ದನಿ ಬೇರೆ. ಹೇಗೋ ಹೊರಗೆ ತೆಗೆದೆ, ಬೋಲ್ಟಿನ ಹಲ್ಲುಗಳ ಸಂದಿಯಲ್ಲಿ ಮುಚ್ಚಳದ ಲೋಹ ಎಳೆ ಎಳೆಯಾಗಿ ಸಿಕ್ಕಿಕೊಂಡಿತ್ತು. ಆ ಬೋಲ್ಟನ್ನು ಹಾಕಿದ್ದು ನೀನಲ್ಲ. ಅವತ್ತು ನೀನು ಕೆಲಸಕ್ಕೆ ಬರುವ ಮೊದಲೇ ನಾನು ಹಾಕಿ ಮುಗಿಸಿದ್ದೆ.

ಥ್ರೆಡ್ ಗೇಜ್ ತಂದು ಅಳೆದೆ. ತೂತು ಇಂಚಿನ ಅಳತೆಯದು, ಬೋಲ್ಟು ಮಿಲಿಮೀಟರಿನ ಅಳತೆಯದು. ದಪ್ಪ ಹೆಚ್ಚುಕಡಿಮೆ ಒಂದೇ, ಹಲ್ಲಿನ ಅಂತರ ಮಾತ್ರ ಬೇರೆ. ಎರಡು ಸುತ್ತು ಒಳ್ಳೆಯ ಮಗುವಿನಂತೆ ಒಳಗೆ ಹೋಗುತ್ತದೆ, ಮೂರನೆಯ ಸುತ್ತಿಗೆ ಬಿಗಿ. ಅಲ್ಲಿಂದಾಚೆಗೆ ಒತ್ತಾಯ ಮಾಡಿದರೆ ಮೆತ್ತಗಿನ ಲೋಹವನ್ನೆಲ್ಲ ಕೆರೆದುಹಾಕುತ್ತದೆ.

ಎರಡೂ ಬಗೆಯ ಬೋಲ್ಟು ಒಂದೇ ಡಬ್ಬಿಗೆ ಹೇಗೆ ಬಂದವು ಅಂತ ನಿನಗೆ ಗೊತ್ತು. ನೀನು ಎರಡು ಡಬ್ಬಿ ಮಾಡಿ, ಮೇಲೆ ಚೀಟಿ ಅಂಟಿಸಿದ್ದೆ. ನನ್ನ ಅಂಗಡಿಯಲ್ಲಿ ಚೀಟಿ ಓದಿ ಬೋಲ್ಟು ಗುರುತಿಸುವ ಕಾಲ ಬಂತಾ ಅಂತ ಚೀಟಿ ಕಿತ್ತು, ಎರಡನ್ನೂ ಒಂದರಲ್ಲಿ ಸುರಿದವಳು ನಾನು. ಮೂವತ್ತು ವರ್ಷದ ಕಣ್ಣು ಅನ್ನುವ ಜಂಬ. ನಿನ್ನಪ್ಪನಿಗೆ ಹೇಳಿದರೆ ಹೊಲಿಗೆ ಮಿಷನ್ ತುಳಿಯುವುದನ್ನು ನಿಲ್ಲಿಸದೆಯೇ, ನಾನು ಸೂಜೀನೇ ನಂಬರ್ ನೋಡಿ ಇಡ್ತೀನಪ್ಪ ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಇನ್ನೂ ಒಂದಿದೆ, ಬರೆಯಲು ಕೈ ಬರುತ್ತಿಲ್ಲ. ಅವತ್ತು ನೀನು ಬ್ರೇಕಿನ ಬೋಲ್ಟು ಹಾಕುವಾಗ, ಅಮ್ಮಾ ಯಾಕೋ ಬಿಗಿಯಾಗ್ತಿದೆ, ಒಂಚೂರು ನೋಡ್ತೀಯಾ ಅಂತ ಕೇಳಿದ್ದೆ. ನಾನು ತಲೆ ಎತ್ತಿಯೂ ನೋಡದೆ, ಹೊಸಾ ಬೋಲ್ಟು ಹಾಗೇ ಇರುತ್ತೆ, ತಿರುಗಿಸು ಅಂದೆ. ನೀನು ತಿರುಗಿಸಿದೆ. ಬೈಸಿಕೊಳ್ಳುವಾಗಲೂ ಈ ಮಾತನ್ನು ಎತ್ತಲಿಲ್ಲ. ಯಾಕೆ ಎತ್ತಲಿಲ್ಲವೇ? ನಿನ್ನ ಮೇಲೆ ಈಗ ಇರುವ ಕೋಪ ಅದೊಂದೇ.

ರಿಪೇರಿ ಮಾತ್ರ ಸೊಗಸಾಗಿ ಆಯಿತು. ಗೇರ್‌ಬಾಕ್ಸಿನ ಮೂರು ತೂತುಗಳನ್ನು ತುಸು ದೊಡ್ಡದು ಮಾಡಿ, ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಅಂತ ಹಲ್ಲು ಕೊರೆಯುವ ಟ್ಯಾಪ್ ಓಡಿಸಿ ಹೊಸ ಥ್ರೆಡ್ ಹಾಕಿದೆ. ಒಳಗೆ ಉಕ್ಕಿನ ತಂತಿಯ ಸುರುಳಿ ಕೂರಿಸಿದೆ. ಈಗ ಸರಿಯಾದ ಅಳತೆಯ ಬೋಲ್ಟೇ ಹಿಡಿಯುತ್ತದೆ, ಮೊದಲಿಗಿಂತ ಗಟ್ಟಿಯಾಗಿ. ಡಾಕ್ಟರು ಬಗ್ಗಿ ಬಗ್ಗಿ ನೋಡಿ, ಕೊರೆಯೋದು, ಶುಚಿ ಮಾಡೋದು, ತುಂಬೋದು, ಇದು ನಮ್ಮ ಕೆಲಸವೇ ಅಲ್ವೇನಮ್ಮಾ ಅಂದರು. ನಿಮ್ಮ ರೋಗಿ ಕಿರಚುತ್ತೆ, ನಮ್ಮದು ಸುಮ್ಮನಿರುತ್ತೆ, ಅಷ್ಟೇ ವ್ಯತ್ಯಾಸ ಅಂದೆ. ಬ್ರೇಕಿನದಕ್ಕೆ ಸುರುಳಿ ಸಾಕು ಅನ್ನಿಸಲಿಲ್ಲ, ತೂತಿನೊಳಗೆ ಕೂರಿಸಲು ಲೇತಿನಲ್ಲಿ ಕೊಳವೆಯಂಥ ಉಕ್ಕಿನ ಬುಷ್ ಕಡೆದೆ. ಮೊದಲನೆಯದು ಕೂದಲೆಳೆಯಷ್ಟು ಸಡಿಲ. ನೀನಿದ್ದಿದ್ದರೆ ನಕ್ಕಿರುತ್ತಿದ್ದೆ. ಎರಡನೆಯದು ಕಚ್ಚಿ ಕೂತಿತು.

ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಪರೀಕ್ಷೆ ಮಾಡಿದೆವು. ನಾನು ಪೆಡಲ್ ತುಳಿದೆ, ಕಾರು ನಿಂತ ರಭಸಕ್ಕೆ ಹಿಂದಿನ ಸೀಟಿನಲ್ಲಿದ್ದ ಡಾಕ್ಟರ ಕನ್ನಡಕ ಹಾರಿ ನನ್ನ ಮಡಿಲಿಗೆ ಬಿತ್ತು. ಅವರು ಚಪ್ಪಾಳೆ ತಟ್ಟಿದರು. ನಾನು ಅಲ್ಲೇ ಸ್ಟೀರಿಂಗ್ ಹಿಡಿದುಕೊಂಡೇ ಅವರಿಗೆ ಎಲ್ಲವನ್ನೂ ಹೇಳಿದೆ. ಅವತ್ತು ಕೇಳಿಸಿಕೊಂಡವರು ಇವತ್ತೂ ಕೇಳಿಸಿಕೊಳ್ಳಬೇಕಲ್ಲ. ಮಗಳಿಗೆ ಹೇಳಿದ್ರಾ ಅಂತ ಕೇಳಿದರು. ಈಗ ಹೇಳುತ್ತಿದ್ದೇನೆ. ತಪ್ಪು ನನ್ನದು ಕಣೇ. ನಿನ್ನದೇನೂ ಇರಲಿಲ್ಲ.

ಇನ್ನು ಆ ಪತ್ರದ ವಿಷಯ. ಇಷ್ಟೆಲ್ಲ ಓದಿದಮೇಲೆ ನಿನಗೆ ಆ ಪತ್ರ ಬೇಕೇ ಬೇಕಾ? ಡಿಪೋದ ಬಸ್ಸುಗಳೆಲ್ಲ ಒಂದೇ ಥರ, ವರ್ಷವಿಡೀ ಅದೇ ಬೋಲ್ಟು. ಇಲ್ಲಿ ದಿನಕ್ಕೊಂದು ವಿಚಿತ್ರ ಬರುತ್ತದೆ. ನಿನ್ನ ಬೆಂಚು ಹಾಗೇ ಖಾಲಿ ಇದೆ. ನಾನು ದಿನಾ ಒರೆಸುತ್ತೇನೆ, ಧೂಳು ಕೂರುತ್ತದೆ ಅಂತ, ಬೇರೇನಿಲ್ಲ. ಯೋಚನೆ ಮಾಡಿ ಬರಿ. ಈ ಸಲ ನಾಲ್ಕು ಸಾಲಿಗಿಂತ ಹೆಚ್ಚಿರಲಿ.

ಇಂತಿ ನಿನ್ನ
ಜಂಬದ ಅಮ್ಮ

ತಾ.ಕ.: ಡಿಪೋಗೆ ಕೊಡಬೇಕಾದ ಪತ್ರವನ್ನು ಬೆಳಿಗ್ಗೆ ಅಂಚೆ ಕಚೇರಿಯ ಬಾಗಿಲು ತೆಗೆಯುತ್ತಿದ್ದಂತೆಯೇ ರಿಜಿಸ್ಟರ್ ಮಾಡಿ ಕಳಿಸಿ ಬಂದಿದ್ದೇನೆ, ಶನಿವಾರ ತಲುಪುತ್ತದೆ. ಇವಳು ಬಿಗಿದ ಬೋಲ್ಟನ್ನು ಕಣ್ಣು ಮುಚ್ಚಿ ನಂಬಬಹುದು, ಇವಳು ಏನಾದರೂ ಕೇಳಿದರೆ ಮಾತ್ರ ಕಣ್ಣು ಬಿಟ್ಟು ನೋಡಿ ಅಂತ ಬರೆದು, ಅಂಗಡಿಯ ಮೊಹರು ಒತ್ತಿದ್ದೇನೆ. ಅದನ್ನು ಕಳಿಸಿದ ಮೇಲೆಯೇ ಈ ಕಾಗದ ಬರೆಯಲು ಕೂತೆ. ಮೊದಲು ಇದನ್ನು ಬರೆದಿದ್ದರೆ ಅದನ್ನು ಕಳಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.