ಅಕ್ಕನ ಮುಂದೆ ಆರಿದ ರೊಟ್ಟಿ

ಬ್ಯಾಡಗಿ, ಕ್ರಿ.ಶ. ೨೧೮೭, ಎರಡನೇ ಬೇಸಿಗೆಯ ಹನ್ನೊಂದನೇ ದಿನ

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ ನೀಲಗಂಗಾ ಮಾಡುವ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಕೆಲವು ಪದಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ತಿದ್ದಿ ಬರೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ನನ್ನ ಅಕ್ಕ ಶಾಂತವೀರವ್ವ ಇಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವಳು. ಯಂತ್ರಗಳ ಲಿಲಾವು ಬೇಸರವಾಗಿ ಜನ ಮತ್ತೆ ಬಾಯಿಯ ಸವಾಲಿಗೇ ಮರಳಿದ್ದಾರೆ. ಘಾಟಿಗೆ ಪೇಟೆಯೆಲ್ಲ ಸೀನುತ್ತಿದ್ದರೂ ಅವಳ ಧ್ವನಿ ಮಾತ್ರ ಒಡೆಯುತ್ತಿರಲಿಲ್ಲ. ಆ ಧ್ವನಿ ಮೊದಲ ಬೇಸಿಗೆಯಲ್ಲಿ ಸವಾಲಿನ ನಡುವೆಯೇ ನಿಂತುಹೋಯಿತು. ಬಲಗೈ ಜೋತುಬಿತ್ತು, ಬಾಯಿ ವಾರೆಯಾಯಿತು. ನೀವು ಲಕ್ವಾ ಎನ್ನುತ್ತಿದ್ದಿರಲ್ಲ, ಅದೇ. ಮೆದುಳಿನ ನಾಳದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡಿತ್ತು. ನಮ್ಮಲ್ಲಿ ಇದಕ್ಕೆ ದಾರಹುಳ ಇದೆ. ಹುಳ ಎಂದರೆ ಜೀವವಿಲ್ಲದ, ನೂಲಿನಂಥ ಯಂತ್ರ. ತೊಡೆಯ ನಾಳದಿಂದ ಹೊಕ್ಕು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೆಪ್ಪನ್ನು ತೆಗೆದುಕೊಂಡು ಬರುತ್ತದೆ. ಬಂತು. ನಾನು ಪೇಡಾ ಹಂಚಿದೆ.

ಡಾಕ್ಟರ್ ಮೆಹಬೂಬಿ ಮಾತ್ರ ಪೇಡಾ ಬಾಯಿಗೆ ಹಾಕಲಿಲ್ಲ. “ದೊಡ್ಡ ಕಾಲುವಿ ಬಿಚ್ಚೇತಿ, ಖರೆ. ಹೊಲಕ್ಕ ನೀರು ಮುಟ್ಟಸೋ ಸಣ್ಣ ಕಾಲುವಿ ಕೆಟ್ಟಾವಲ್ಲ ಯವ್ವಾ. ಬಿ.ಪಿ.ಯಿಂದ ಅವು ಮೊದ್ಲ ಸವದಿದ್ವು” ಎಂದರು. ಕೂದಲೆಳೆಗಿಂತ ತೆಳುವಾದ ಆ ನಾಳಗಳೊಳಕ್ಕೆ ದಾರಹುಳ ಹೋಗಲಾರದು. ಉಳಿದ ಮೆದುಳು ಹೊಸ ದಾರಿ ಕಲಿಯಬೇಕು. ಅದಕ್ಕೆ ಅಕ್ಕನೇ ಮಾತಿಗಾಗಿ ತಿಣುಕಬೇಕು.

ನಮ್ಮ ಕಾಲದವರೆಲ್ಲ ಎಡವುವುದು ಇಲ್ಲೇ. ನುಡಿಬಿಲ್ಲೆ ಎಂಬುದೊಂದಿದೆ. ಕೊರಳಿಗೆ ಕಟ್ಟಿದರೆ ಮನಸ್ಸಿನ ಮಾತನ್ನು ಊಹಿಸಿ ತಾನೇ ಆಡಿಬಿಡುತ್ತದೆ. ಪ್ರೀತಿಯಿಂದಲೇ ಕಟ್ಟಿದೆ. ಬಿಲ್ಲೆ ನೀರು ಕೇಳುತ್ತಿತ್ತು, ದಿಂಬು ಕೇಳುತ್ತಿತ್ತು. ಅಕ್ಕ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳು. ಮೆಹಬೂಬಿ ಬೈದು ಬಿಚ್ಚಿಸಿ, ನಮ್ಮಿಬ್ಬರನ್ನೂ ಕಾಯೂಟಕ್ಕೆ, ಎಂದರೆ ಕಾಯುವ ಊಟಕ್ಕೆ, ಕೂರಿಸಿದರು. ಕಾಯೂಟದಲ್ಲಿ ಕಾಯಿಲೆಯವರಿಗೆ ಮೊದಲೇ ಉಣಿಸಿರುತ್ತಾರೆ. ಆಮೇಲೆ ಅವರು ತಾವಾಗಿ ಒಂದು ಮಾತು ಆಡುವವರೆಗೆ, ಇಲ್ಲವೇ ದೀಪ ಹಚ್ಚುವ ಹೊತ್ತಿನವರೆಗೆ, ಮನೆಯವರು ತುತ್ತು ಮುಟ್ಟುವಂತಿಲ್ಲ. ಅಕ್ಕನನ್ನು ಬಿಟ್ಟರೆ ಮನೆಯಲ್ಲಿ ಇದ್ದವಳು ನಾನೊಬ್ಬಳೇ.

ಮಳೆ ಬಂದು ಹೋಯಿತು, ಮತ್ತೆ ಬೇಸಿಗೆ ಬಂತು. ದಿನವೂ ರೊಟ್ಟಿ ಆರಿ ಚಕ್ಕಳವಾಗುತ್ತಿತ್ತು. ದಿನವೂ ಅಕ್ಕ ಎಡಗೈಯನ್ನು ನನ್ನ ತಾಟಿನತ್ತ ಚಾಚಿ ಗಂಟಲಲ್ಲೇ ಗೊರಗೊರ ಎನ್ನುತ್ತಿದ್ದಳು. ತಾಟಿನಲ್ಲಿ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅದೇ ಕಡಲೆಕಾಯಿ ಚಟ್ನಿಪುಡಿ, ಇರುತ್ತಿತ್ತು. ಅವಳಿಗೆ ಹಿಂಡಿಯೆಂದರೆ ಜೀವ, ಉಪ್ಪಿನದು ಬೇಡವೆಂದು ಡಾಕ್ಟರು ಬಿಡಿಸಿದ್ದರು. “ಹಿಂಡಿ ಅನ್ನು. ಬಾಯಿ ಬಿಟ್ಟು ಅನ್ನಬೇ” ಎಂದು ಗದರುತ್ತಿದ್ದೆ. ನಾನು ಸೊರಗಿ ಕಡ್ಡಿಯಾದೆ. ಅವಳ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ಅಳು ಬರುತ್ತಿತ್ತು.

ನಿನ್ನೆ ಸಾಕಾಗಿಹೋಯಿತು. ಹಾಳಾಗಿ ಹೋಗಲಿ ಎಂದು ನುಡಿಬಿಲ್ಲೆಯನ್ನು ತಂದು ಮತ್ತೆ ಅವಳ ಕೊರಳಿಗೆ ಕಟ್ಟಿದೆ. ಅವಳು ಕೈ ಚಾಚಿದ್ದೇ ತಡ, ಬಿಲ್ಲೆ “ಹಿಂಡಿ ಬೇಕು” ಎಂದಿತು. ಅಕ್ಕ ಅದನ್ನು ಕಿತ್ತು ಗೋಡೆಗೆ ಒಗೆದಳು. ಕೊರಳಿನ ನರ ಉಬ್ಬಿ ಬಂತು. ತಾಟನ್ನು ನನ್ನ ಮಡಿಲವರೆಗೂ ದೂಡಿದಳು.

“ನೀ... ನೀ... ಉಣ್ಣು.”

ಇಷ್ಟು ದಿನವೂ ಅವಳು ಹಿಂಡಿ ಕೇಳಿರಲೇ ಇಲ್ಲ. ಅಳುತ್ತಲೇ ಆ ಆರಿದ ರೊಟ್ಟಿ ತಿಂದೆ.

ಹಿರಿಯರೇ, ನಿಮ್ಮಲ್ಲಿ ದಾರಹುಳವಿಲ್ಲ, ಬಿಲ್ಲೆಯೂ ಇಲ್ಲ. ಆದರೆ ತಡವರಿಸುವವರ ಬಾಯಿಗೆ ತಮ್ಮ ಮಾತು ತುರುಕುವವರು ನಿಮ್ಮ ಮನೆಗಳಲ್ಲೂ ಇದ್ದಾರು. ಬಿ.ಪಿ. ಗುಳಿಗೆ ಮರೆಯಬೇಡಿ. ಬಾಯಿ ವಾರೆಯಾದರೆ ನಿಂಬೆಹಣ್ಣು ನಿವಾಳಿಸುತ್ತ ಕೂರದೆ ದವಾಖಾನೆಗೆ ಓಡಿ. ಆಮೇಲೆ ಕಾಯಿರಿ. ಬೇಸತ್ತರೂ ಕಾಯಿರಿ.

ಇಲ್ಲಿಗೆ ನಿಲ್ಲಿಸುತ್ತೇನೆ. ರೊಟ್ಟಿ ಬಡಿಸಿಯಾಗಿದೆ. ಅಕ್ಕ ನನ್ನತ್ತ ನೋಡಿ ಬಾಯಿ ತೆರೆದಿದ್ದಾಳೆ. ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ.