ನಿಮ್ಮ ಕಚೇರಿಗೆ ಟೀ ತರುತ್ತಿರುವ ಸೈಕಲ್ಲಿನ ಬಗ್ಗೆ

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಕ್ಕನಿಗಾಗಿ ನಾನು ಮನೆಯಲ್ಲಿ ಮೋಟಾರು ಕೂಡಿಸಿ ಮಾಡಿದ ಸೈಕಲ್ಲನ್ನು ನಿಮ್ಮ ಸಿಬ್ಬಂದಿ ಹಿಡಿದಿಟ್ಟು ಇಂದಿಗೆ ನಲವತ್ತೊಂಬತ್ತು ದಿನ. ಅರವತ್ತನೆಯ ದಿನ ಅದನ್ನು ತೂಕ ಮಾಡಿ ಗುಜರಿಗೆ ಹಾಕುವುದಾಗಿ ನೋಟೀಸು ಬಂದಿದೆ. ಕಾರಣ ಒಂದೇ ಸಾಲು: 'ರಸ್ತೆಗೆ ಅಯೋಗ್ಯ.' ಅಯೋಗ್ಯವೆಂದು ನೀವು ಗೊತ್ತುಮಾಡಿಕೊಂಡದ್ದು ಹೇಗೆ ಎಂಬುದು ಈ ಪತ್ರದ ಪ್ರಶ್ನೆ. ಖಾಸಗಿಯಾಗಿ ನಾಲ್ಕು ಸಲ ಕೇಳಿದ್ದೇನೆ. ಐದನೆಯದನ್ನು ಎಲ್ಲರೆದುರು ಕೇಳುತ್ತಿದ್ದೇನೆ.

ನಾನು ಪುಸ್ತಕಗಳಿಗೆ ರಟ್ಟು ಹಾಕುವವನು. ಅಕ್ಕ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ಅವಳ ಬಲ ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಆಸ್ಪತ್ರೆ ಇರುವುದು ಏರಿನ ತುದಿಯಲ್ಲಿ, ಪಾಳಿ ಶುರುವಾಗುವುದು ಆರಕ್ಕೆ, ಮೊದಲ ಬಸ್ಸು ಬರುವುದು ಆರೂವರೆಗೆ. ಆ ಅರ್ಧ ಗಂಟೆಯನ್ನು ಅವಳು ಒಂಬತ್ತು ವರ್ಷ ತನ್ನ ಮಂಡಿಯಿಂದ ತುಂಬಿಸಿದ್ದಾಳೆ. ಕೊನೆಗೆ ಮಂಡಿ ಕೈಕೊಟ್ಟಿತು. ಕೊಳ್ಳುವ ತಾಕತ್ತು ನಮಗಿರಲಿಲ್ಲ, ಆದ್ದರಿಂದ ಮಾಡಬೇಕಾಯಿತು.

ಆಸ್ಪತ್ರೆಯ ಗುಜರಿಯಲ್ಲಿದ್ದ ಬ್ಯಾಟರಿ ಗಾಲಿಕುರ್ಚಿಯಿಂದ ಮೋಟಾರು ಸಿಕ್ಕಿತು. ಅದನ್ನು ಮನೆಗೆ ತಂದ ದಿನ ಅಕ್ಕ ಹೇಳಿದಳು: "ಗಾಲಿಕುರ್ಚೀಲಿ ಕೂರೋದು ತಪ್ಪಲಿಲ್ಲ ಬಿಡು. ಸದ್ಯ, ಎರಡೇ ಗಾಲಿ." ಚೈನಿಗೆ ಸೆರಗು ಸಿಕ್ಕದಂತೆ ಮರೆಯೊಂದು ಬೇಕಿತ್ತು. ಅದನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ, ನಿಘಂಟುಗಳಿಗೆ ಹಾಕುವ ಕ್ಯಾಲಿಕೊ ಬಟ್ಟೆ ಅಂಟಿಸಿ, ಮೂರು ಕೋಟು ವಾರ್ನಿಶ್ ಬಳಿದೆ. ಬ್ರೇಕು ಹಿಡಿದ ಕೂಡಲೇ ಮೋಟಾರಿಗೆ ವಿದ್ಯುತ್ತು ಕಡಿಯಬೇಕು ಎಂದು ನಿಮ್ಮ ನಿಯಮಾವಳಿ ಹೇಳುತ್ತದೆ. ನನಗೆ ಹೇಗೆ ಗೊತ್ತು ಎನ್ನುತ್ತೀರಾ? ನಿಮ್ಮ ಮೇಜಿನ ಮೇಲಿರುವ ಆ ನಿಯಮಾವಳಿಗೆ ಹೊಲಿಗೆ ಹಾಕಿದವನು ನಾನೇ. ರಟ್ಟು ಹಾಕುವವರು ಓದಬಾರದೆಂಬ ನಿಯಮ ಅದರಲ್ಲಿ ಇಲ್ಲ. ಪುಸ್ತಕವನ್ನು ಒಮ್ಮೆ ಪೂರ್ತಿ ತೆರೆದರೆ ಬೆನ್ನಿನ ಮೇಲೆ ಗೆರೆ ಬೀಳುತ್ತದೆ. ಎರಡು ವರ್ಷವಾದರೂ, ನಿಮ್ಮ ಕೋಣೆಯ ಬಾಗಿಲಿನಿಂದ ನಾನು ಕಂಡ ನಿಮ್ಮ ಪ್ರತಿಯ ಬೆನ್ನು ನಾನು ಕೊಟ್ಟ ದಿನದಷ್ಟೇ ನುಣುಪಾಗಿದೆ.

ವಿದ್ಯುತ್ತು ಕಡಿಯಲು ಹಳೆಯ ಫ್ರಿಜ್ಜಿನ ಬಾಗಿಲ ಸ್ವಿಚ್ಚನ್ನು ಬ್ರೇಕಿನ ಹಿಡಿಯ ಹತ್ತಿರ ಕೂರಿಸಿದೆ. ಬಾಗಿಲು ಮುಚ್ಚಿದರೆ ಒತ್ತಿಕೊಂಡು ದೀಪ ಆರಿಸುವ ಸ್ವಿಚ್ಚು ಅದು. ಕೂರಿಸಿದ್ದು ತಿರುಗುಮುರುಗಾಯಿತು. ಓಣಿಯಲ್ಲಿ ಅಕ್ಕ ಹತ್ತಿ ಕೂತಳು, ಸೈಕಲ್ಲು ಕದಲಲಿಲ್ಲ. "ಎಲ್ಲಾ ಸರಿಯಾಗಿದೆ, ಜೀವ ಒಂದಿಲ್ಲ" ಎಂದು ಇಳಿಯಲು ಬ್ರೇಕು ಹಿಡಿದಳು. ಹಿಡಿದದ್ದೇ ತಡ, ಬಿಗಿ ಮಾಡಿರದ ಬ್ರೇಕನ್ನು ಲೆಕ್ಕಿಸದೆ ಸೈಕಲ್ಲು ಹೊರಟಿತು. ಹೆದರಿ ಇನ್ನೂ ಜೋರಾಗಿ ಹಿಡಿದಳು. ಅದು ಹೋಗಿ ಪಕ್ಕದ ಮನೆಯವರು ಒಣಹಾಕಿದ್ದ ಹೊದಿಕೆಯೊಳಗೆ ಹೊಕ್ಕಿತು. ಹೊದಿಕೆಯ ಒಳಗಿನಿಂದ ಅವಳ ದನಿ: "ಹಿಡಿದ್ರೆ ಓಡುತ್ತೆ, ಬಿಟ್ರೆ ನಿಲ್ಲುತ್ತೆ. ಥೇಟ್ ನಿನ್ ಥರಾನೇ ಕಣೋ." ಮರುದಿನ ಸ್ವಿಚ್ಚನ್ನು ಹಿಡಿಯ ಇನ್ನೊಂದು ಬದಿಗೆ ಕೂರಿಸಿದೆ. ತಪ್ಪು ತಿದ್ದಲು ಬೇಕಾದದ್ದು ಎರಡು ಸ್ಕ್ರೂ, ಒಂದು ಬೆಳಗು. ನಿಂತಾಗ ಎಡಗಾಲು ಪೂರ್ತಿ ನೆಲಕ್ಕೆ ಊರುವಂತೆ ಸೀಟನ್ನು ಇಳಿಸಿದೆವು. ಆ ಎತ್ತರ ಮರೆಯದಿರಲೆಂದು ಅಕ್ಕ ಸೀಟಿನ ಕೊಳವೆಗೆ, ಅದು ಚೌಕಟ್ಟಿನೊಳಗೆ ಇಳಿಯುವ ಕಡೆ, ಉಗುರುಬಣ್ಣದಿಂದ ಕೆಂಪು ಗೆರೆ ಎಳೆದಳು.

ಐದು ತಿಂಗಳು ಅವಳು ಒಂದು ದಿನವೂ ತಡವಾಗಿ ಹೋಗಲಿಲ್ಲ. ಆಮೇಲೆ ಏರಿನ ನಡುವೆ ನಿಮ್ಮವರು ತಡೆದರು. "ಪೆಡಲ್ ಇದೆಯಲ್ಲಣ್ಣ, ಸೈಕಲ್ಲೇ ಇದು" ಎಂದಳಂತೆ. "ಮೋಟರೂ ಇದೆಯಲ್ಲಮ್ಮ" ಎಂದರಂತೆ. ಉಳಿದ ಏರನ್ನು ಊಟದ ಡಬ್ಬಿ ಹಿಡಿದು ಹತ್ತಿದಳು.

ಇನ್ನು ನಿಮ್ಮ ಕಚೇರಿ. ಮೊದಲ ಸಲ ಬಂದಾಗ ಗುಮಾಸ್ತರು ಕೇಳಿದರು:

"ಯಾವ ಕಂಪನಿದು?"

"ಮನೇಲಿ ಮಾಡಿದ್ದು ಸಾರ್."

"ಮನೇಲಿ ಮಾಡೋದು ಅಡುಗೆ ಕಣ್ರೀ. ವಾಹನ ಅಲ್ಲ."

ಎರಡನೆಯ ಸಲ, ಓಡಿಸಿ ನೋಡಿ ಪ್ರಮಾಣಪತ್ರ ಕೊಡಿ ಎಂದೆ. "ಪ್ರಮಾಣಪತ್ರ ಇಲ್ದೇ ಇರೋ ಗಾಡೀನ ನಮ್ಮ ಸಿಬ್ಬಂದಿ ಹತ್ತೋ ಹಾಗಿಲ್ಲ" ಎಂದರು. ಮತ್ತೆ ಪ್ರಮಾಣಪತ್ರ ಸಿಗುವುದು ಹೇಗೆ? "ಓಡಿಸಿ ನೋಡಿದ ಮೇಲೆ." ಇದನ್ನು ಅವರು ನಗದೆ ಹೇಳಿದರು. ಮೂರನೆಯ ಸಲ ನೀವು ಸಭೆಯಲ್ಲಿದ್ದಿರಿ.

ನಾಲ್ಕನೆಯ ಸಲ, ಅಂಗಳದ ತಂತಿಬೇಲಿಯ ಆಚೆ ಸೈಕಲ್ಲನ್ನು ದೂರದಿಂದ ನೋಡಿದೆ. ಕೆಂಪು ಗೆರೆ ಚೌಕಟ್ಟಿನ ಬಾಯಿಂದ ನಾಲ್ಕು ಬೆರಳು ಮೇಲಿತ್ತು. ಸೀಟು ತಾನಾಗಿ ಏರುವುದಿಲ್ಲ. ಇಳಿಜಾರಿನ ಕೆಳಗೆ, ನಿಮ್ಮ ಗೇಟು ಕಾಣುವ ಟೀ ಅಂಗಡಿಯಲ್ಲಿ ಕೂತು ಕಾದೆ. ಹನ್ನೊಂದು ಗಂಟೆಗೆ ನಿಮ್ಮ ಗೇಟು ತೆರೆಯಿತು. ಎತ್ತರದ ಆಳಾದ ಕಾವಲುಗಾರ, ರಸ್ತೆಗೆ ಅಯೋಗ್ಯವಾದ ಆ ವಾಹನದ ಮೇಲೆ, ರಸ್ತೆಯಲ್ಲೇ, ಖಾಲಿ ಲೋಟಗಳ ತಂತಿಬುಟ್ಟಿ ತೂಗಿಸಿಕೊಂಡು ಬಂದ.

"ಗಾಡಿ ಹೇಗಿದೆಯಣ್ಣ?" ಎಂದೆ.

"ಬೆಣ್ಣೆ ಸಾರ್. ಏರಲ್ಲಿ ಏದುಸಿರೇ ಬಿಡಲ್ಲ. ಬ್ರೇಕ್ ಮುಟ್ಟಿದ್ರೆ ಸಾಕು, ಮೋಟರ್ ಗಪ್ಪಂತ ಸುಮ್ಮನಾಗುತ್ತೆ. ಹನ್ನೆರಡು ಲೋಟ ತಗೊಂಡ್ ಹೋಗ್ತೀನಿ ದಿನಾ ಎರಡು ಸಲ, ಒಂದು ತೊಟ್ಟು ಚೆಲ್ಲಲ್ಲ. ಯಾರೋ ತಲೆ ಇರೋನು ಮಾಡಿದಾನೆ."

"ಯಾರದು ಇದು?"

"ಆಫೀಸಿಂದು."

ನನ್ನ ಕೆಲಸವನ್ನು ಇಷ್ಟು ಚೆನ್ನಾಗಿ ಹೊಗಳಿದವರು ಬೇರೆ ಯಾರೂ ಇಲ್ಲ. ಒಂದು ಕ್ಷಣ ಸಂತೋಷವೇ ಆಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆಮೇಲೆ ಬಂದದ್ದು ಹೇಸಿಗೆ. ಸಿಟ್ಟು ಬರಬೇಕಾದರೆ ಎದುರಿಗೊಬ್ಬ ಮನುಷ್ಯ ನಿಂತಿರಬೇಕು. ಇದು ಹಾಗಲ್ಲ, ಒದ್ದೆ ಬಟ್ಟೆಯನ್ನು ಮೂಲೆಯಲ್ಲಿ ಮರೆತ ಮನೆಯ ವಾಸನೆಯಂತೆ ಎಲ್ಲ ಕಡೆಯಿಂದಲೂ ಬರುತ್ತದೆ. ಹನ್ನೆರಡು ಲೋಟಗಳಲ್ಲಿ ಒಂದು ನಿಮ್ಮದು ತಾನೆ? ಟೀ ತರಲು ಯೋಗ್ಯವಾದ ಬ್ರೇಕು, ಒಬ್ಬ ಹೆಂಗಸನ್ನು ಕೆಲಸಕ್ಕೆ ಮುಟ್ಟಿಸಲು ಅಯೋಗ್ಯವಾದದ್ದು ಯಾವ ಪುಟದ ಪ್ರಕಾರ? ನೀವು ಆ ಟೀಯನ್ನು ಗುಟುಕರಿಸುತ್ತಲೇ ನೋಟೀಸಿಗೆ ಸಹಿ ಹಾಕಿದಿರೋ, ಕುಡಿದು ಮುಗಿಸಿ ಹಾಕಿದಿರೋ? ಅಕ್ಕ ಹೊದಿಕೆಯೊಳಗಿನಿಂದ ಹೇಳಿದ ಮಾತು ಈಗ ನೆನಪಾಗುತ್ತದೆ. ಹಿಡಿದುಹಾಕಿದ ಮೇಲೆ ಮಾತ್ರ ಓಡುವ ಯಂತ್ರ ನಿಮ್ಮಲ್ಲೂ ಒಂದಿದೆ. ಯಾರೂ ಅದನ್ನು ಬಿಚ್ಚಿ ನೋಡಿಲ್ಲ.

ಈ ನಲವತ್ತೊಂಬತ್ತು ದಿನಗಳಲ್ಲಿ ಅಕ್ಕ ಎರಡು ಸಲ ತಡವಾಗಿ ಹೋಗಿದ್ದಾಳೆ. ಮೂರನೆಯ ಸಲಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲ್ವಿಚಾರಕಿ ತಿಳಿಸಿದ್ದಾರೆ. ಈಗ ನಾಲ್ಕೂವರೆಗೆ ಮನೆ ಬಿಡುತ್ತಾಳೆ. ಏರಿನಲ್ಲಿ ಮೂರು ಕಡೆ ಕೂರುತ್ತಾಳೆ. ನಾನು ಜೊತೆಗೆ ಬರುತ್ತೇನೆಂದರೆ, "ನೀನು ಬಂದು ಏನು ಮಾಡ್ತೀಯ, ಮಂಡಿ ಹೊತ್ಕೋತೀಯಾ?" ಎನ್ನುತ್ತಾಳೆ.

ಈ ಪತ್ರ ಓದಿದ ಮೇಲೆ ನೀವು ಮೊದಲು ಕಾವಲುಗಾರನನ್ನು ಕರೆಸುತ್ತೀರಿ ಎಂದು ಬಲ್ಲೆ. ಕರೆಸಿ. ಆದರೆ ಬೈಯಲು ಬೇಡ. ಆತನ ಮೇಲೆ ಕ್ರಮವೂ ಬೇಡ. ಇಡೀ ಕಚೇರಿಯಲ್ಲಿ ತಪಾಸಣೆ ಮಾಡಿದವನು ಅವನೊಬ್ಬನೇ. ಅವನ ಹೇಳಿಕೆಯನ್ನು ಅವನ ಮಾತಿನಲ್ಲೇ ಬರೆಸಿಕೊಂಡು, ಕೆಳಗೆ ಸಹಿ ಹಾಕಿ, ಅದನ್ನೇ ಪ್ರಮಾಣಪತ್ರವೆಂದು ಕೊಡಿ. ನಮಗೆ ಪರಿಹಾರ ಬೇಡ, ಕ್ಷಮೆಯೂ ಬೇಡ. ಹನ್ನೊಂದು ದಿನದೊಳಗೆ ಸೈಕಲ್ಲು ಬೇಕು. ಕೊಡುವ ಮೊದಲು ಸೀಟನ್ನು ಕೆಂಪು ಗೆರೆಗೆ ಇಳಿಸಿ. ಅದಕ್ಕಿಂತ ಮೇಲಿದ್ದರೆ ಅವಳ ಕಾಲು ನೆಲ ಮುಟ್ಟುವುದಿಲ್ಲ.

ಇಂತಿ,
ಸ್ವಿಚ್ಚನ್ನು ಒಮ್ಮೆ ತಪ್ಪಾಗಿ ಕೂರಿಸಿ, ಮರುದಿನ ತಿದ್ದಿಕೊಂಡ
ಒಬ್ಬ ರಟ್ಟು ಹಾಕುವವನು